ಗುದ್ದಲಿ ಪೂಜೆಗೆ ಮೊದಲು ಒಂದು ಸಲ ಟೇಪು ಹಿಡಿದು ಬನ್ನಿ

ನಮ್ಮೂರಿನ ರಸ್ತೆ, ನೀರು, ಚರಂಡಿ ನೋಡಿಕೊಳ್ಳುವ ಹಿರಿಯರಿಗೆ, ನಮ್ಮ ವಾರ್ಡಿನ ಸದಸ್ಯರಿಗೆ, ಜೊತೆಗೆ ನನ್ನದೇ ಬೀದಿಯ ಮನೆಯವರಿಗೆ,

ನಮಸ್ಕಾರ.

ನಾನು ಚಿಕ್ಕಮಗಳೂರಿನಲ್ಲಿ ಬಸವನಹಳ್ಳಿ ಕೆರೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ಇರುವವಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ. ಅದರ ಎದುರಿನ ಕಿಟಕಿ ಬೀದಿಗೆ ತೆರೆದಿದೆ. ಇಪ್ಪತ್ತೆರಡು ವರ್ಷದಿಂದ ಬ್ಲೌಸು ಹೊಲಿಯುತ್ತಾ, ಈ ಬೀದಿಯನ್ನು ಎಷ್ಟು ಸಲ ಅಗೆದರು, ಎಷ್ಟು ಸಲ ಮುಚ್ಚಿದರು ಅಂತ ನೋಡಿದ್ದೇನೆ. ಬೀದಿಯ ಗಣಪತಿ ಚಂದಾ ಪುಸ್ತಕವೂ ನನ್ನ ಹತ್ತಿರವೇ ಇರುತ್ತದೆ. ಯಾರು ಕೇಳುವ ಮೊದಲೇ ಕೊಡುತ್ತಾರೆ, ಯಾರು "ನಾಳೆ ಬಾಮ್ಮ" ಅನ್ನುತ್ತಾರೆ ಅನ್ನುವುದೂ ಗೊತ್ತು. ಇಷ್ಟು ಬಿಟ್ಟರೆ ಈ ಪತ್ರ ಬರೆಯಲು ನನಗೆ ಬೇರೆ ಅರ್ಹತೆ ಇಲ್ಲ.

ಮೊನ್ನೆ ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ ಬರುತ್ತದೆ ಅಂತ ಸುದ್ದಿ ಬಂತು. ಎದುರು ಮನೆಯ ಅಕ್ಕ ಕೇಸರಿಬಾತ್ ಮಾಡಿ ಹಂಚಿದರು. ನಾನೂ ತಿಂದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಯಾಕೆಂದರೆ ಬೀದಿಯ ಕೆಳಗಿನ ನೀರಿನ ಪೈಪು ಹಳೆಯದು, ತಿಂಗಳಿಗೆ ಒಂದು ಕಡೆಯಾದರೂ ಒಡೆಯುತ್ತದೆ. ಒಳಚರಂಡಿಯ ಸಂಪರ್ಕ ಮೇಲಿನ ತುದಿಯ 11 ಮನೆಗೆ ಮಾತ್ರ ಆಗಿದೆ. ಉಳಿದ 27 ಮನೆಗೆ ಇನ್ನೂ ಗುಂಡಿಯೇ ಗತಿ. ಇವೆರಡನ್ನೂ ಹಾಗೇ ಬಿಟ್ಟು ಮೇಲೆ ಕಾಂಕ್ರೀಟ್ ಹಾಕುವುದು ಅಂದರೆ, ಬ್ಲೌಸು ಪೂರ್ತಿ ಹೊಲಿದು ಹುಕ್ಕು ಹಾಕಿದ ಮೇಲೆ ಲೈನಿಂಗ್ ನೆನಪಾದ ಹಾಗೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರಿಗೂ ಇದು ಗೊತ್ತು.

ಇದು ಯಾರ ಮೇಲೂ ದೂರು ಹೇಳುವ ಪತ್ರ ಅಲ್ಲ. ದೂರು ಹೇಳುವುದಾದರೆ ಮೊದಲು ನನ್ನ ಮೇಲೇ ಹೇಳಬೇಕು. ಕೆಲವು ವರ್ಷದ ಹಿಂದೆ ಡಾಂಬರು ಬೇಕು ಅಂತ ಸಹಿ ಹಾಕಿಸಲು ಮನೆಮನೆ ತಿರುಗಿದವರಲ್ಲಿ ನಾನೂ ಇದ್ದೆ. ಚುನಾವಣೆ ಹತ್ತಿರ ಇತ್ತು. ಈಗ ಬಿಟ್ಟರೆ ಇನ್ನು ಐದು ವರ್ಷ ಸಿಗಲ್ಲ ಅಂತ ಎಲ್ಲರೂ ಹೇಳಿದರು. ಹಟ ಮಾಡಿದೆವು, ಡಾಂಬರು ಬಂತು. ಏಳು ತಿಂಗಳಿಗೆ ಪೈಪಿನ ಕೆಲಸದವರು ಬಂದು ನಡುವೆ ಸೀಳಿದರು. ಮಣ್ಣು ತುಂಬಿ ಹೋದರು. ಮಳೆಗೆ ಅದು ಕುಸಿಯಿತು. ಅದರ ಮೇಲೆ ಯಾರೋ ಜಲ್ಲಿ ಸುರಿದರು. ಮುಂದಿನ ವರ್ಷ ಕೇಬಲ್ಲಿನವರು ಅಂಚಿನಲ್ಲಿ ಕೊರೆದರು. ನಾವು ಸಹಿ ಹಾಕಿದ ಕಾಗದದಲ್ಲಿ "ಮೊದಲು ಪೈಪು" ಅನ್ನುವ ಎರಡು ಪದ ಇರಲೇ ಇಲ್ಲ. ಕೇಳಿದ್ದು ನಾವು, ಕೊಟ್ಟದ್ದು ನೀವು. ಲೆಕ್ಕ ಅಲ್ಲಿಗೆ ಸರಿಹೋಯಿತು ಬಿಡಿ.

ಆದರೆ ಇದು ಪ್ರತಿ ಬೀದಿಯಲ್ಲೂ ಯಾಕೆ ಹೀಗೇ ಆಗುತ್ತದೆ ಅಂತ ನಾನು ಕೆದಕಿ ನೋಡಿದೆ. ಗೊತ್ತಿದ್ದವರನ್ನು ಕೇಳಿದೆ, ಸಿಕ್ಕಿದ ಕಾಗದ ಓದಿದೆ. ನನಗೆ ಅರ್ಥವಾದದ್ದು ಇಷ್ಟು: ಬೀದಿಗೆ ಬೇಕಾದ ಕ್ರಮದಲ್ಲಿ ಕೆಲಸ ನಡೆಯುವುದಿಲ್ಲ, ದುಡ್ಡು ಬಂದ ಕ್ರಮದಲ್ಲಿ ನಡೆಯುತ್ತದೆ.

ನಮ್ಮಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಸ್ಕೂಲು ಫೀಸು ಇಡುತ್ತಿದ್ದರು. ಒಂದರ ದುಡ್ಡು ಇನ್ನೊಂದಕ್ಕೆ ಮುಟ್ಟುವ ಹಾಗಿರಲಿಲ್ಲ. ನಿಮ್ಮ ಕಪಾಟಿನಲ್ಲೂ ಹಾಗೇ ಡಬ್ಬಿಗಳಿವೆ. ಕೇಂದ್ರದ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ, ಅಂದರೆ 2021ರಿಂದ 2026ರವರೆಗೆ, ನಮ್ಮಂಥ ಊರುಗಳಿಗೆ ಬಂದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಅದರಲ್ಲಿ ರಸ್ತೆ ಮಾಡುವ ಹಾಗಿರಲಿಲ್ಲ. ಉಳಿದ ಶೇ 40ರಲ್ಲಿ ಮಾಡಬಹುದಿತ್ತು. ರಾಜ್ಯ ಹಣಕಾಸು ಆಯೋಗದ ದುಡ್ಡು, ನೀವೆಲ್ಲ ಎಸ್‌ಎಫ್‌ಸಿ ಅನ್ನುತ್ತೀರಲ್ಲ, ಅದು ಇನ್ನೊಂದು ಡಬ್ಬಿ. ಊರುಗಳ ಕೆಲಸಕ್ಕೆ ಅಂತ ಇರುವ ರಾಜ್ಯದ ನಗರೋತ್ಥಾನ ಯೋಜನೆ ಮತ್ತೊಂದು. ಕೇಂದ್ರದ ಅಮೃತ್ ಯೋಜನೆ ಬಂದರೆ ಅದು ನೀರು, ಒಳಚರಂಡಿಗೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಅದು ಉಡುಪಿ-ಚಿಕ್ಕಮಗಳೂರಿನ 8 ವಿಧಾನಸಭಾ ಕ್ಷೇತ್ರಕ್ಕೂ ಹಂಚಬೇಕು. ಕುಂದಾಪುರದಿಂದ ತರೀಕೆರೆವರೆಗೆ! ಅದರಲ್ಲಿ ನಮ್ಮ ಅಡ್ಡರಸ್ತೆಗೆ ಪಾಲು ಕೇಳಲು ನನಗೇ ನಾಚಿಕೆ ಆಗುತ್ತದೆ. ಕೊನೆಗೆ ನಾವು ಕಟ್ಟುವ ಮನೆ ಕಂದಾಯ. ಏಪ್ರಿಲಿನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಅಂತ ನಾನು ಯುಗಾದಿ ಖರ್ಚಿನ ನಡುವೆಯೂ ತಪ್ಪದೆ ಕಟ್ಟುತ್ತೇನೆ. ಅದರ ಜೊತೆಗೆ ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಹೆಸರಿನಲ್ಲಿ ಶೇ 3 ಸೆಸ್ಸೂ ಹೋಗುತ್ತದೆ.

ಡಬ್ಬಿ ಬೇರೆಬೇರೆ ಇರುವುದು ತಪ್ಪಲ್ಲ. ನೀರಿಗೆ ಅಂತ ಕಟ್ಟಿ ಇಡದಿದ್ದರೆ ಎಲ್ಲವೂ ರಸ್ತೆಗೇ ಹೋಗುತ್ತಿತ್ತು, ಯಾಕೆಂದರೆ ರಸ್ತೆ ಕಣ್ಣಿಗೆ ಕಾಣುತ್ತದೆ. ತೊಂದರೆ ಎಲ್ಲಿದೆ ಅಂದರೆ, ರಸ್ತೆಯ ಡಬ್ಬಿ ಒಂದು ತಿಂಗಳು ತೆರೆಯುತ್ತದೆ, ಪೈಪಿನ ಡಬ್ಬಿ ಇನ್ನೊಂದು ವರ್ಷ ತೆರೆಯುತ್ತದೆ. ಮಾರ್ಚ್ ಮುಗಿಯುವುದರೊಳಗೆ ಖರ್ಚು ತೋರಿಸಬೇಕು. ಹಾಗಾಗಿ ಯಾವ ಡಬ್ಬಿ ಮೊದಲು ತೆರೆಯಿತೋ ಆ ಕೆಲಸ ಮೊದಲು. ಪೈಪಿಗೆ ಮೊದಲು ರಸ್ತೆ, ಚರಂಡಿಗೆ ಮೊದಲು ಫುಟ್‌ಪಾತು.

ನನ್ನ ಬೇಡಿಕೆ ಒಂದೇ. ನಮ್ಮ ಬೀದಿಗೆ ಒಂದೇ ನಕ್ಷೆ ಮಾಡಿ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಎಲ್ಲವೂ ಇರಲಿ. ನೀರಿನ ಪೈಪು, ಒಳಚರಂಡಿ, ಅಲ್ಲಿಂದ ಪ್ರತಿ ಮನೆಯ ಕಾಂಪೌಂಡಿನವರೆಗೆ ಸಂಪರ್ಕ, ಮಳೆನೀರಿನ ಚರಂಡಿ, ಮುಂದೆ ಬರುವ ಕೇಬಲ್ಲಿಗೆ ಅಡ್ಡಡ್ಡ ಖಾಲಿ ಕೊಳವೆ, ಆಮೇಲೆ ರಸ್ತೆ. ಒಂದೊಂದು ಪದರಕ್ಕೂ ಯಾವ ಡಬ್ಬಿಯಿಂದ ದುಡ್ಡು ಅಂತ ಪಕ್ಕದಲ್ಲಿ ಬರೆಯಿರಿ. ರಸ್ತೆಯ ದುಡ್ಡು ಮೊದಲು ಬಂದರೆ ಅದನ್ನು ಕೆಳಗಿನ ಕೆಲಸ ಮುಗಿದಿರುವ ಇನ್ನೊಂದು ಬೀದಿಗೆ ಕೊಡಿ. ಹೌದು, ಬೇರೆ ಬೀದಿಗೆ ಕೊಡಿ ಅಂತಲೇ ಹೇಳುತ್ತಿದ್ದೇನೆ. ಇದನ್ನು ಓದಿ ಎದುರು ಮನೆಯ ಅಕ್ಕ ನನ್ನ ಜೊತೆ ಎರಡು ದಿನ ಮಾತು ಬಿಡಬಹುದು.

ಇನ್ನು ಅಳತೆಯ ಮಾತು. ಹೊಲಿಗೆಯವಳಿಗೆ ಟೇಪು ಕೈಯಲ್ಲೇ ಇರುತ್ತದೆ, ಆದರೆ ನನ್ನದು 60 ಇಂಚು. ಕೆಳಗಿನ ಮನೆಗೆ ಗಾರೆ ಕೆಲಸಕ್ಕೆ ಬಂದ ಮೇಸ್ತ್ರಿ ಹತ್ತಿರ ಉದ್ದದ ಟೇಪು ಇಸ್ಕೊಂಡು ಮಗನ ಜೊತೆ ಬೀದಿ ಅಳೆದೆ. ಉದ್ದ 195 ಮೀಟರು. ಕಾಂಪೌಂಡಿನಿಂದ ಕಾಂಪೌಂಡಿಗೆ 30 ಅಡಿ, ಅಂದರೆ 9 ಮೀಟರಿಗೆ ಸ್ವಲ್ಪ ಜಾಸ್ತಿ. 5 ಮೀಟರು ವಾಹನಕ್ಕೆ ಬಿಟ್ಟರೆ ನಮ್ಮ ಬೀದಿಗೆ ಸಾಕು. ಇಲ್ಲಿ ಬಸ್ಸು ಓಡಲ್ಲ. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಬರುವವರ ನಾಲ್ಕು ಕಾರು ಹೋಂಸ್ಟೇ ಮುಂದೆ ನಿಲ್ಲುತ್ತವೆ, ಅಷ್ಟೇ. ಒಂದು ಕಡೆ 1.8 ಮೀಟರ್ ಫುಟ್‌ಪಾತು ಕೊಡಿ. ಇದು ನನ್ನ ಲೆಕ್ಕ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ನಡೆಯಲು ಇಷ್ಟು ಜಾಗ ಖಾಲಿ ಇರಬೇಕು ಅನ್ನುತ್ತದೆ. ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಬೇಡ ಅಂತಲೂ ಅದರಲ್ಲೇ ಇದೆ. ಒಂದೊಂದು ಕಡೆ ಒಂದಡಿ ಎತ್ತರ ಕಟ್ಟುತ್ತಾರೆ, ಅಜ್ಜಿಯರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ ಅದರ ಮೇಲೆ ಸ್ಕೂಟರು ನಿಲ್ಲುತ್ತದೆ. ಫುಟ್‌ಪಾತು ಹೋಗಿ ಉಳಿಯುವ ಎರಡೂಕಾಲು ಮೀಟರಿನಲ್ಲಿ ಎರಡು ಚರಂಡಿ, ಈಗಿರುವ ಮೂರು ಹೊಂಗೆ ಮರ. ಮರದ ಬುಡಕ್ಕೆ ಕಾಂಕ್ರೀಟ್ ಅಂಟಿಸಬೇಡಿ. ಸುತ್ತ ಮಣ್ಣು ಬಿಡಿ, ಅದಕ್ಕೂ ಉಸಿರಾಡಬೇಕಲ್ವಾ.

ನಮ್ಮ ಬೀದಿಯಲ್ಲಿ ಮೂರು ಚಕ್ರದ ಸ್ಕೂಟರಿನಲ್ಲಿ ಓಡಾಡುವ ಒಬ್ಬ ತಮ್ಮ ಇದ್ದಾನೆ. ಅಂಗವಿಕಲರಿಗಾಗಿಯೇ ನಗರಾಡಳಿತಗಳು ಶೇ 5 ತೆಗೆದಿಡುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಇರುವ ಹಾಗೆ. ಫುಟ್‌ಪಾತಿನ ಎರಡೂ ತುದಿಗೆ ಇಳಿಜಾರು ಮಾಡಲು ಆ ಡಬ್ಬಿ ತೆರೆಯಬಹುದೇ ಅಂತ ನೋಡಿ. ಅವನೇನೂ ಕೇಳಿಲ್ಲ. ಕೇಳುವವನಲ್ಲ.

ಎಲ್ಲಕ್ಕಿಂತ ದೊಡ್ಡದು ಎತ್ತರದ ವಿಷಯ. ಕೆಳತುದಿಯಲ್ಲಿ ಒಬ್ಬ ಅಜ್ಜಿಯ ಮನೆ ಇದೆ. ನಾನು ಮದುವೆಯಾಗಿ ಬಂದಾಗ ಆ ಮನೆಗೆ ಮೂರು ಮೆಟ್ಟಿಲು. ಈಗ ಒಂದು. ಮೆಟ್ಟಿಲು ಯಾರೂ ಒಡೆದಿಲ್ಲ, ರಸ್ತೆಯೇ ಮೇಲೆ ಬಂತು. ಪ್ರತಿ ಸಲ ಹಳೆಯದರ ಮೇಲೆ ಹೊಸದು. ಈಗ ಜೂನ್ ಬಂತೆಂದರೆ ಅಜ್ಜಿ ಹೊಸಿಲಿಗೆ ಹಲಗೆ ಅಡ್ಡ ಇಟ್ಟು ಮರಳಿನ ಚೀಲ ಒತ್ತುತ್ತಾರೆ. ಕಳೆದ ಮಳೆಗಾಲದಲ್ಲಿ ನೀರು ಅಡುಗೆಮನೆವರೆಗೆ ಹೋಗಿತ್ತು. ಅಕ್ಕಿ ಡ್ರಮ್ಮಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದವಳು ನಾನೇ. ಈಗ ಇನ್ನೂ 15 ಸೆಂಟಿಮೀಟರ್ ಕಾಂಕ್ರೀಟು ಹಾಗೇ ಮೇಲೆ ಕೂತರೆ ಆ ಒಂದು ಮೆಟ್ಟಿಲೂ ಹೋಗುತ್ತದೆ. ಅಂದಾಜು ಪಟ್ಟಿಯಲ್ಲಿ ಹಳೇ ಡಾಂಬರು, ಜಲ್ಲಿ ಕಿತ್ತು ಹೊರಗೆ ಸಾಗಿಸುವ ಖರ್ಚನ್ನು ದಯವಿಟ್ಟು ಸೇರಿಸಿ. ರಸ್ತೆಯ ಕೊನೆಯ ಎತ್ತರ ಎಷ್ಟು ಅನ್ನುವುದನ್ನು ಅಜ್ಜಿಯ ಹೊಸಿಲಿನಿಂದ ಕೆಳಗೆ ಅಳೆದು ನಿರ್ಧರಿಸಿ. ನಡು ರಸ್ತೆಯಿಂದ ಅಂಚಿಗೆ ಶೇ 2ರಷ್ಟು ಇಳಿಜಾರು ಇದ್ದರೆ, ಎರಡೂವರೆ ಮೀಟರಿಗೆ 5 ಸೆಂಟಿಮೀಟರ್ ಇಳಿದು ನೀರು ಚರಂಡಿಗೆ ಹೋಗುತ್ತದೆ. ಇಷ್ಟು ಸಣ್ಣ ಅಳತೆ ತಪ್ಪಿದ್ದಕ್ಕೆ ಒಂದು ಮನೆ ಮುಳುಗುತ್ತದೆ.

ದಪ್ಪದ ಲೆಕ್ಕವೂ ಹಾಕಿದೆ. 195 ಮೀಟರ್ ಉದ್ದ, 5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂದರೆ 146 ಘನ ಮೀಟರಿಗೆ ಸ್ವಲ್ಪ ಜಾಸ್ತಿ ಕಾಂಕ್ರೀಟು. ಅದೇ 12 ಸೆಂಟಿಮೀಟರ್ ಹಾಕಿದರೆ 117 ಘನ ಮೀಟರು. ಒಂದು ಮಿಕ್ಸರ್ ಲಾರಿಯಲ್ಲಿ 6 ಘನ ಮೀಟರ್ ಬರುತ್ತದೆ ಅಂದುಕೊಂಡರೆ, ಎರಡು ಬೆರಳು ದಪ್ಪ ಕಮ್ಮಿಯಾದದ್ದಕ್ಕೆ ಹತ್ತಿರಹತ್ತಿರ 5 ಲಾರಿ ಮಾಲು ಉಳಿಯುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳುವುದಿಲ್ಲ. ಕಾಂಕ್ರೀಟ್ ಹಾಕುವ ದಿನ ಅಂಚಿನ ಹಲಗೆಗೆ ನನ್ನ 60 ಇಂಚಿನ ಟೇಪು ಹಿಡಿಯಲು ಬಿಡಿ, ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಕೇಳುವುದಷ್ಟೇ ಅಲ್ಲ, ನಡೆಯುವ ಕೆಲಸ ನೋಡುವ, ಮಾಲಿನ ಮಾದರಿ ಪಡೆಯುವ ಹಕ್ಕೂ ಇದೆ ಅಂತ ಓದಿದ್ದೇನೆ. 10 ರೂಪಾಯಿ ಅರ್ಜಿ ಹಾಕಿ ಕಾಯುವ ಬದಲು, ಅಂದಾಜು ಪಟ್ಟಿಯ ಒಂದು ಪ್ರತಿಯನ್ನು ನೀವೇ ಬೀದಿ ತುದಿಯ ಕಂಬಕ್ಕೆ ಅಂಟಿಸಿದರೆ ಇಬ್ಬರ ಸಮಯವೂ ಉಳಿಯುತ್ತದೆ. ಕನ್ನಡದಲ್ಲಿ ಇರಲಿ. ಗುತ್ತಿಗೆದಾರರು ಎಷ್ಟು ವರ್ಷ ರಿಪೇರಿಗೆ ಹೊಣೆ ಅನ್ನುವುದೂ ಅದರಲ್ಲಿ ಇರಲಿ.

ಈಗ ವಂತಿಗೆಯ ಮಾತಿಗೆ ಬರುತ್ತೇನೆ. ಬೀದಿಯವರು ಅರ್ಧ ಹಾಕಿದರೆ ಕೆಲಸ ಬೇಗ ಆಗುತ್ತದೆ ಅಂತ ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಎಸ್ಟೇಟು ಇರುವ ಮೂರು ಮನೆಯವರು ತಯಾರಿದ್ದಾರೆ, ಅವರ ಒಳ್ಳೇ ಮನಸ್ಸಿನ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಚಂದಾ ಪುಸ್ತಕ ಇಟ್ಟುಕೊಂಡವಳಾಗಿ ಒಂದು ಘಟನೆ ಹೇಳಬೇಕು. ಒಂದು ವರ್ಷ ಗಣಪತಿಗೆ ಮನೆಗೆ 500 ರೂಪಾಯಿ ಅಂತ ನಿಗದಿ ಮಾಡಿದೆವು. ಎಲ್ಲರಿಗೂ ಒಂದೇ, ನ್ಯಾಯವಾಗಿ ಇರಲಿ ಅಂತ. ವಠಾರದ ಆರು ಮನೆಯವರು ಕೊಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆದರೂ ಅವರು ಆ ವರ್ಷ ಪ್ರಸಾದಕ್ಕೆ ಬರಲಿಲ್ಲ, ಮಕ್ಕಳನ್ನೂ ಕಳಿಸಲಿಲ್ಲ. ಮರುವರ್ಷ ನಿಗದಿ ತೆಗೆದುಹಾಕಿದೆ. ಅವರು 50, 100 ಹಾಕಿ, ಬಂದು ಪಾತ್ರೆಯನ್ನೂ ತೊಳೆದರು.

ರಸ್ತೆಗೆ ಇದೇ ರೀತಿ ಮಾಡಿದರೆ ಇನ್ನೂ ಕೆಟ್ಟದು. ದುಡ್ಡು ಹಾಕುವ ಬೀದಿಗೆ ಮೊದಲು ರಸ್ತೆ ಅಂತ ಒಂದು ಸಲ ಶುರುವಾದರೆ, ಹಾಕಲಾಗದ ಬೀದಿಯ ಸರದಿ ಬರುವುದೇ ಇಲ್ಲ. ಬಾಡಿಗೆಯವರು ಯಾಕೆ ಕೊಡಬೇಕು? ರಸ್ತೆ ಚೆನ್ನಾದರೆ ಅವರ ಬಾಡಿಗೆ ಏರುತ್ತದೆ, ಅಷ್ಟೇ ಅವರಿಗೆ ಸಿಗುವ ಲಾಭ. ಹಾಗಾಗಿ ರಸ್ತೆ, ಪೈಪು, ಚರಂಡಿ ಇವು ಕಂದಾಯದ ಮತ್ತು ಅನುದಾನದ ದುಡ್ಡಿನಿಂದಲೇ ಆಗಲಿ.

ನಮ್ಮದು ಅಂತ ಇರುವುದನ್ನು ನಾವು ಮಾಡುತ್ತೇವೆ. ಕಾಂಪೌಂಡಿನ ಒಳಗಿನ ಪೈಪು, ಚೇಂಬರು ನಮ್ಮ ಖರ್ಚು. 27 ಮನೆಯಲ್ಲಿ ಒಂದೇ ಸಲ ದುಡ್ಡು ಹೊಂದಿಸಲಾಗದವರು ಇದ್ದಾರೆ. ನಮ್ಮ ಬೀದಿಯ ಸ್ವಸಹಾಯ ಸಂಘದಿಂದ ಅವರಿಗೆ ಸಾಲ ಕೊಡುವ ಮಾತಾಗಿದೆ. ಅಜ್ಜಿಯ ಮನೆಯ ಖರ್ಚು ಎಸ್ಟೇಟಿನ ಅಣ್ಣ ನೋಡಿಕೊಳ್ಳುತ್ತಾರಂತೆ. ಇನ್ನೊಂದು, ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಎರಡು ವಾರ ನೀರುಣಿಸುವ ಕೆಲಸ ನಮಗೆ ಬಿಡಿ. ಕಾಫಿ ಊರಿನಲ್ಲಿ ಗೋಣಿಚೀಲಕ್ಕೆ ಬರ ಇಲ್ಲ. ಹಳೇ ಚೀಲ ಹಾಸಿ, ಬೆಳಗ್ಗೆ ಸಂಜೆ ಸರದಿ ಪ್ರಕಾರ ನೆನೆಸುತ್ತೇವೆ. ಬಟ್ಟೆ ತೊಳೆದ ನೀರು ಸುರಿಯುವುದಿಲ್ಲ, ಭಯ ಬೇಡ.

ನನ್ನ ಬೀದಿಯವರೇ, ನಿಮಗೂ ಒಂದು ಮಾತು. ಟೇಪು ಹಿಡಿದು ಹೋದಾಗ 14 ಮನೆಯ ಮುಂದೆ ಮೋರಿಯ ಮೇಲೆ ಕಾರು ಹತ್ತಿಸಲು ಕಲ್ಲು, ಗ್ರಾನೈಟ್ ಹಾಕಿರುವುದು ಕಂಡಿತು. ಕೆಳಗೆ ಕೈ ಹಾಕಿ ಕಸ ತೆಗೆಯಲೂ ಜಾಗ ಇಲ್ಲ. ಮೊದಲ ತಪ್ಪು ನನ್ನದೇ. ನನ್ನ ಅಂಗಡಿಯ ಮೆಟ್ಟಿಲು ಮೋರಿಯ ಮೇಲೆ ಒಂದೂವರೆ ಅಡಿ ಬಂದಿದೆ. ಬರುವ ಸೋಮವಾರ ಒಡೆಸುತ್ತಿದ್ದೇನೆ, ಮೇಸ್ತ್ರಿಗೆ ಹೇಳಿಯಾಗಿದೆ. ಅಲ್ಲಿವರೆಗೆ ಫಾಲ್ಸ್ ಹೊಲಿಸಲು ಬರುವವರು ಪಕ್ಕದ ಗೇಟಿನಿಂದ ಬನ್ನಿ. ಉಳಿದ 13 ಮನೆಯವರನ್ನು ನಾನು ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಜೆಸಿಬಿ ಬಂದಾಗ ಅದರ ಮುಂದೆ ನಿಂತು ಜಗಳ ಮಾಡಿದರೆ ನಾನು ನಿಮ್ಮ ಪರ ಮಾತಾಡುವುದಿಲ್ಲ. ಕೆಳಗಿನ ಕೆಲಸ ನಡೆಯುವಾಗ ಐದಾರು ತಿಂಗಳು ಬೀದಿ ಮಣ್ಣಾಗಿ ಇರುತ್ತದೆ. ಆಗ "ಯಾವಾಗ ಟಾರು, ಯಾವಾಗ ಟಾರು" ಅಂತ ಸದಸ್ಯರ ಮನೆ ಬಾಗಿಲು ತಟ್ಟಬೇಡಿ. ಹಿಂದಿನ ಸಲ ತಟ್ಟಿ ಏನಾಯಿತು ಅಂತ ನೋಡಿದ್ದೀವಲ್ಲ.

ಮತ್ತೆ ಹಿರಿಯರಿಗೆ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2011ರ ಜನಗಣತಿಯಲ್ಲಿ ನಮ್ಮೂರು 1 ಲಕ್ಷ 18 ಸಾವಿರದ ಹತ್ತಿರ ಇತ್ತು. ಹಾಗಾಗಿ ನಮಗೆ ಅದು ಕಡ್ಡಾಯ ಅಲ್ಲ. ಆದರೆ ಸಣ್ಣ ಊರಿನವರು ಕೂತು ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ. ಬಜೆಟ್ಟಿಗೆ ಮೊದಲು ಸಭೆ ಕರೆಯುತ್ತೀರಿ, ಸಂತೋಷ. ಅಲ್ಲಿ ಇಡೀ ಊರಿನ ಮಾತು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮೈಕು ನನ್ನಂಥವಳ ಕೈಗೆ ಬರುವಷ್ಟರಲ್ಲಿ ಕಾಫಿ ಬಂದಿರುತ್ತದೆ. ಒಂದು ಬೀದಿಯ ಮಾತು ಆ ಬೀದಿಯಲ್ಲೇ ನಿಂತು ಆಗಬೇಕು.

ಅದಕ್ಕೇ ಕೇಳುತ್ತಿದ್ದೇನೆ, ಈ ಮಳೆ ನಿಲ್ಲುವ ಮೊದಲೇ ಒಂದು ದಿನ ಬನ್ನಿ. ಬಿಸಿಲಿನಲ್ಲಿ ಬಂದರೆ ಎಲ್ಲಾ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಮಳೆಯಲ್ಲಿ ಬಂದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೀರೇ ತೋರಿಸುತ್ತದೆ. ಇಂಜಿನಿಯರ್ ಒಬ್ಬರೇ ಬೇಡ. ನೀರು ಬಿಡುವ ವಾಲ್ವ್‌ಮನ್ನು, ಒಳಚರಂಡಿ ವಿಭಾಗದವರು, ಕರೆಂಟಿನ ಕಂಪನಿ ಮೆಸ್ಕಾಂನ ಲೈನ್‌ಮನ್ನು, ದಿನಾ ನಮ್ಮ ಮೋರಿ ತೆಗೆಯುವ ಪೌರಕಾರ್ಮಿಕರು, ಎಲ್ಲರನ್ನೂ ಒಟ್ಟಿಗೆ ಕರೆತನ್ನಿ. ಪೈಪು ಯಾವ ಕಡೆ ಇದೆ ಅಂತ ನಕ್ಷೆಗಿಂತ ಚೆನ್ನಾಗಿ ವಾಲ್ವ್‌ಮನ್ನಿಗೆ ಗೊತ್ತು. ಮೋರಿ ಎಲ್ಲಿ ಕಟ್ಟುತ್ತದೆ ಅಂತ ಪೌರಕಾರ್ಮಿಕರಿಗೆ ಗೊತ್ತು. ಮಳೆಗಾಲದಲ್ಲಿ ನಕ್ಷೆ ಮತ್ತು ಅಂದಾಜು ಆದರೆ, ದೀಪಾವಳಿ ಹೊತ್ತಿಗೆ ಟೆಂಡರು ಮುಗಿಯಬಹುದು. ಆಮೇಲೆ ಕೆಳಗಿನ ಕೆಲಸ. ಫೆಬ್ರವರಿಗೆ ಮುಗಿದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಮೊದಲು ಕಾಂಕ್ರೀಟು ಗಟ್ಟಿಯಾಗಿರುತ್ತದೆ. ಮುಗಿಯದಿದ್ದರೆ ಒಂದು ಮಳೆಗಾಲ ಮಣ್ಣಿನಲ್ಲೇ ಕಳೆಯೋಣ. ತುಂಬಿದ ಮಣ್ಣೂ ಚೆನ್ನಾಗಿ ಕೂರುತ್ತದೆ. ಮಾರ್ಚ್ 31ಕ್ಕೆ ಬಿಲ್ಲು ಆಗಲಿ ಅಂತ ಮಾತ್ರ ಅವಸರ ಮಾಡಬೇಡಿ.

ಗುದ್ದಲಿ ಪೂಜೆಯನ್ನು ಆಮೇಲೆ ನಿಮಗೆ ಬೇಕಾದ ದಿನ ಇಟ್ಟುಕೊಳ್ಳಿ. ಅರಿಶಿನ ಕುಂಕುಮ, ತೆಂಗಿನಕಾಯಿ ನಾವೇ ತರುತ್ತೇವೆ. ನಕ್ಷೆ ಬರೆಯುವ ದಿನಕ್ಕೆ ಮಾತ್ರ ಮೊದಲೇ ಹೇಳಿ ಬನ್ನಿ. ಅಜ್ಜಿಗೆ ತಿಳಿಸಬೇಕು, ಬಾಗಿಲ ಹಲಗೆ ತೆಗೆದಿಡಲು ಅವರಿಗೆ ಸ್ವಲ್ಪ ಹೊತ್ತು ಬೇಕು. ಶನಿವಾರ ಭಾನುವಾರ ಬೇಡ, ಹೋಂಸ್ಟೇ ಕಾರುಗಳ ನಡುವೆ ಟೇಪು ಎಳೆಯಲು ಆಗಲ್ಲ. ಕೆಳತುದಿಯಲ್ಲಿ ಕೆಸರಿದೆ, ಬೂಟು ಹಾಕಿಕೊಂಡು ಬನ್ನಿ.

ಇತಿ,
ಬೀದಿಯ ನಡುಮನೆಯ ಟೈಲರಮ್ಮ
ಚಿಕ್ಕಮಗಳೂರು